‘ಔಷಧಿ’ ಎಂಬ ವಿಷ: ಅಡಿಕೆ ತೋಟದವರಿಗೆ ಮತ್ತು ಅವರ ಮನೆಯವರಿಗೆ

ಮಲೆನಾಡಿನಲ್ಲಿ ವಿಷಕ್ಕೆ ಔಷಧಿ ಎಂದೇ ಹೆಸರು. ‘ತೋಟಕ್ಕೆ ಔಷಧಿ ಹೊಡೀಬೇಕು’, ‘ಕಳೆ ಔಷಧಿ ಮುಗೀತು’, ‘ಇಲಿ ಔಷಧಿ ಎಲ್ಲಿಟ್ಟಿದ್ದೀಯ?’ ಎನ್ನುತ್ತೇವೆ. ಮಾತಿನ ರೂಢಿ ಬದಲಾಗುವುದು ಕಷ್ಟ. ಆದರೆ ಈ ಒಂದು ಪದದಿಂದಾಗಿ ಕೈಯಲ್ಲಿ ಹಿಡಿದಿರುವುದು ಎಂಥ ವಸ್ತು ಎಂಬ ಎಚ್ಚರ ಸಡಿಲವಾಗಿಬಿಡುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಒಂದು ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ), 40–45 ದಿನ ಬಿಟ್ಟು ಇನ್ನೊಂದು, ಬೇರುಹುಳಕ್ಕೆ ಕ್ಲೋರ್‌ಪೈರಿಫಾಸ್, ಎಲೆಚುಕ್ಕಿ ರೋಗ ಬಂದಮೇಲೆ ಮತ್ತೊಂದೆರಡು ಶಿಲೀಂಧ್ರನಾಶಕ, ದಾರಿ ಬದಿಗೆ ಕಳೆನಾಶಕ, ಅಟ್ಟಕ್ಕೆ ಇಲಿ ಪಾಷಾಣ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಾಧಾರಣ ತೋಟದ ಮನೆಯೊಂದರಲ್ಲೂ ಇಷ್ಟೆಲ್ಲ ಇರುತ್ತದೆ. ಇವು ಮೈಯೊಳಗೆ ಹೇಗೆ ಹೋಗುತ್ತವೆ, ಹೋದಮೇಲೆ ಏನು ಮಾಡುತ್ತವೆ, ಹೋಗದಂತೆ ಏನು ಮಾಡಬೇಕು, ಹೋಗಿಯೇಬಿಟ್ಟರೆ ಮೊದಲ ಒಂದು ಗಂಟೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕೆಲಸದ ಕ್ರಮದಲ್ಲೇ ಹೇಳುತ್ತೇವೆ.

ಎಷ್ಟು, ಯಾವ ದಾರಿ, ಎಷ್ಟು ಹೊತ್ತು

ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಯನ್ನೇ 16ನೇ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ವಿಷಶಾಸ್ತ್ರದ ಮೊದಲ ಸೂತ್ರವಾಗಿ ಬರೆದಿಟ್ಟ: ವಿಷವಲ್ಲದ್ದು ಯಾವುದೂ ಇಲ್ಲ, ಪ್ರಮಾಣವೇ ಅದನ್ನು ವಿಷ ಮಾಡುವುದು. ಬೋರ್ಡೋಗೆ ಬಳಸುವ ಮೈಲುತುತ್ತವನ್ನೇ (ತಾಮ್ರದ ಸಲ್ಫೇಟ್) ನೋಡಿ. ಅದರಲ್ಲಿರುವ ತಾಮ್ರ ನಮ್ಮ ದೇಹಕ್ಕೂ ಬೇಕು, ದಿನಕ್ಕೆ 1–2 ಮಿಲಿಗ್ರಾಂನಷ್ಟು. ಆದರೆ ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರವೇ. ಒಂದೇ ಒಂದು ಗ್ರಾಂ ಹರಳಿನಲ್ಲಿ ಸುಮಾರು 250 ಮಿಲಿಗ್ರಾಂ, ಅಂದರೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೇಕಾಗುವಷ್ಟು ತಾಮ್ರ ಒಟ್ಟಿಗೇ ಹೊಟ್ಟೆಗೆ ಬೀಳುತ್ತದೆ. ನೋಡಲು ನೀಲಿ ಕಲ್ಲುಸಕ್ಕರೆಯಂತಿರುವುದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದೊಂದು ದೊಡ್ಡ ಅಪಾಯ.

ಪ್ರಮಾಣವನ್ನು ಯಾವಾಗಲೂ ಮೈತೂಕದ ಲೆಕ್ಕದಲ್ಲೇ ನೋಡಬೇಕು. 60 ಕಿಲೋ ತೂಗುವವರಿಗೂ 10 ಕಿಲೋದ ಮಗುವಿಗೂ ಒಂದೇ ಗುಟುಕು ಎಂದರೆ ಮಗುವಿಗೆ ಅದು ಆರು ಪಟ್ಟು. ‘ಸ್ವಲ್ಪವೇ ಹೋಗಿದೆ, ಏನಾಗಲ್ಲ’ ಎಂಬ ಮಾತನ್ನು ಮಕ್ಕಳ ವಿಷಯದಲ್ಲಿ ಆಡಲೇಬಾರದು.

ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ಈ ಪ್ರಮಾಣವನ್ನೇ ಹೇಳುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ವಜ್ರಾಕಾರದ ಗುರುತಿರಬೇಕು. ಅದರ ಕೆಳಗಿನ ಅರ್ಧದ ಬಣ್ಣವನ್ನು ನೋಡಿ. ಕೆಂಪು ಅತಿ ತೀವ್ರ ವಿಷ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅದಕ್ಕಿಂತ ಕಡಿಮೆ. ಇದರ ಹಿಂದಿರುವ ಅಳತೆಯ ಹೆಸರು ಎಲ್‌ಡಿ50: ಪ್ರಯೋಗಕ್ಕೆ ಒಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ, ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು. ಬಾಯಿಯ ಮೂಲಕ ಹೋದಾಗ 50ರ ಒಳಗಿದ್ದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದರಿಂದಾಚೆ ಹಸಿರು. ಅಂಗಡಿಯಲ್ಲಿ ಒಂದೇ ಕೀಟಕ್ಕೆ ಎರಡು ಬಗೆಯ ಔಷಧಿ ಇದ್ದರೆ ಕಡಿಮೆ ವಿಷದ ಬಣ್ಣದ್ದನ್ನು ಕೇಳಿ ಪಡೆಯುವುದು ಮೊದಲ ಹೆಜ್ಜೆ.

ಆದರೆ ತ್ರಿಕೋನ ಎಲ್ಲವನ್ನೂ ಹೇಳುವುದಿಲ್ಲ. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಇರುವುದು ಹಳದಿ ಬಣ್ಣ, ಆದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಹಸಿರು ಬಣ್ಣದ್ದನ್ನೂ ಹತ್ತಾರು ವರ್ಷ ಮೈಮೇಲೆ ಸುರಿದುಕೊಂಡರೆ ಏನಾದೀತು ಎಂಬುದು ಎಲ್‌ಡಿ50ಯ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ದಾರಿ. ವಿಷ ಎಂದರೆ ಕುಡಿದರೆ ಮಾತ್ರ ಎಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ತೋಟದ ಕೆಲಸದಲ್ಲಿ ಅದು ಹೆಚ್ಚಾಗಿ ಹೋಗುವುದು ಚರ್ಮದ ಮೂಲಕ. ಪ್ಯಾರಾಥಯಾನ್ ಎಂಬ ಕೀಟನಾಶಕವನ್ನು ಮೈಯ ಬೇರೆ ಬೇರೆ ಭಾಗಕ್ಕೆ ಹಚ್ಚಿ ಅಳೆದಾಗ ಮುಂಗೈಯಲ್ಲಿ ಸುಮಾರು 9%, ಹಣೆಯಲ್ಲಿ 36%, ಕಿವಿಯ ಒಳಗೆ 46% ಒಳಸೇರಿದ್ದು ಕಂಡಿತು. ವೃಷಣದ ಚರ್ಮದಲ್ಲಿ ಹೆಚ್ಚುಕಡಿಮೆ ಪೂರ್ತಿ. ಬೆನ್ನಿಗೆ ಹಾಕುವ ಪಂಪಿನ ಮುಚ್ಚಳ ಸೋರುತ್ತಿದ್ದರೆ ದ್ರಾವಣ ಎಲ್ಲಿಗೆ ಇಳಿಯುತ್ತದೆ ಎಂದು ಯೋಚಿಸಿ. ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ. ಅತ್ಯಂತ ಬೇಗ ಹೀರುವ ಜಾಗದಲ್ಲಿ ಒದ್ದೆ ಬಟ್ಟೆ ನಾಲ್ಕು ಗಂಟೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಮುಚ್ಚಳದ ವಾಷರ್ ಹಾಳಾದ ಪಂಪನ್ನು ಬೆನ್ನಿಗೇರಿಸಲೇಬೇಡಿ. ವಾಷರ್ ಬೆಲೆ ಏನೇನೂ ಅಲ್ಲ.

ಬೋರ್ಡೋ ಮಾಡುವಾಗ

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪದ್ಧತಿ ನಮ್ಮಲ್ಲಿ ನೂರು ವರ್ಷ ದಾಟಿದೆ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದು ಬೋರ್ಡೋವನ್ನು ಬಳಕೆಗೆ ತಂದರು. ಹಳೆಯದು, ಸಸ್ತಾ, ಸಾವಯವದವರೂ ಬಳಸುತ್ತಾರೆ ಎಂಬ ಕಾರಣಕ್ಕೆ ಇದನ್ನು ಯಾರೂ ವಿಷ ಎಂದು ಎಣಿಸುವುದಿಲ್ಲ. ಸರಿಯಾಗಿ ಮಾಡಿದ ಬೋರ್ಡೋ ನಿಜಕ್ಕೂ ಸೌಮ್ಯ. ತಪ್ಪಾಗಿ ಮಾಡಿದ್ದು ಸೌಮ್ಯವಲ್ಲ.

100 ಲೀಟರ್‌ಗೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ. ತುತ್ತವನ್ನು 50 ಲೀಟರ್ ನೀರಿನಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಆಗದು, ತುತ್ತ ಅದನ್ನು ತಿಂದುಬಿಡುತ್ತದೆ. ಹಿಂದಿನ ರಾತ್ರಿಯೇ ಗೋಣಿ ತುಂಡಿನಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗಿಬಿಟ್ಟರೆ ಬೆಳಿಗ್ಗೆಗೆ ತಾನಾಗಿ ಕರಗಿರುತ್ತದೆ. ಕೈಹಾಕಿ ಕಲಕುವ ಪ್ರಮೇಯವೇ ಬರುವುದಿಲ್ಲ. ಸುಣ್ಣಕ್ಕೆ ಮೊದಲು ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ. ಈ ಹೊತ್ತಿನಲ್ಲಿ ಅದು ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದ ಸುಣ್ಣ ಆಮ್ಲಕ್ಕಿಂತ ಕೆಟ್ಟದ್ದು, ಕಣ್ಣಿನ ಪೊರೆಯನ್ನು ಕರಗಿಸುತ್ತ ಒಳಗೆ ಇಳಿಯುತ್ತಲೇ ಹೋಗುತ್ತದೆ. ಬಗ್ಗಿ ನೋಡಬೇಡಿ, ಕನ್ನಡಕ ಹಾಕದೆ ಹತ್ತಿರ ನಿಲ್ಲಬೇಡಿ. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು, ಚೊಂಬು ಇಟ್ಟುಕೊಂಡೇ ಕೆಲಸ ಶುರುಮಾಡಿ. ಅರಳಿದ ಸುಣ್ಣಕ್ಕೆ ಉಳಿದ ನೀರು ಸೇರಿಸಿ 50 ಲೀಟರ್ ಮಾಡಿ, ತಣ್ಣಗಾದಮೇಲೆ ಬಟ್ಟೆಯಲ್ಲಿ ಸೋಸಿ.

ಈಗ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹುಯ್ಯುತ್ತ ಕಲಕಬೇಕು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ತಳಕ್ಕೆ ಇಳಿಯುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಆಮೇಲೆ ಪರೀಕ್ಷೆ: ಸಾಣೆ ಹಿಡಿದು ಹೊಳೆಯುವಂತೆ ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಡುಗೆಮನೆಯ ಸ್ಟೀಲ್ ಚಾಕು ಆಗುವುದಿಲ್ಲ, ಕಬ್ಬಿಣವೇ ಬೇಕು. ಅಲಗಿನ ಮೇಲೆ ಇಟ್ಟಿಗೆ ಕೆಂಪಿನ ತೆಳು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿಯೇ ಇದೆ, ದ್ರಾವಣ ಹುಳಿಯಾಗಿದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಅಲಗನ್ನು ಉಜ್ಜಿ ಮತ್ತೆ ಅದ್ದಿ. ಲೇಪ ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಸುಣ್ಣ ಹಳೆಯದಾಗಿ ಗಾಳಿಗೆ ಪುಡಿಯಾಗಿದ್ದರೆ 1 ಕಿಲೋ ಸಾಕಾಗದೆ ಹೀಗಾಗುತ್ತದೆ. ಈ ಪರೀಕ್ಷೆ ಹಿಂಗಾರ (ಅಡಿಕೆಯ ಹೂಗೊಂಚಲು), ಎಲೆ ಸುಡದಿರಲಿ ಎಂದು ಹೇಳಿಕೊಟ್ಟದ್ದು. ಅದೇ ಬಿಡಿ ತಾಮ್ರ ಹೊಡೆಯುವವರ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ ಎಂಬುದಕ್ಕೂ ಅಷ್ಟೇ ಬೆಲೆ ಕೊಡಬೇಕು.

ಉಸಿರಿನ ಮಾತೂ ಇದೆ. ಪೋರ್ಚುಗಲ್‌ನ ದ್ರಾಕ್ಷಿತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡ ಗಂಟುಗಳನ್ನು ವೈದ್ಯರು 1969ರಲ್ಲಿ ವಿವರಿಸಿದರು. ಬೋರ್ಡೋಗೆ ಮುಖಗವಸು ಯಾಕೆ ಎಂದು ಕೇಳುವವರಿಗೆ ಇದು ಉತ್ತರ.

ಮೈಮೇಲೆ ಏನು ಹಾಕಬೇಕು

ಅಡಿಕೆ ಮರ ಎತ್ತರದ್ದು. ದೋಟಿಯಿಂದ (ಉದ್ದ ಕೋಲಿನಿಂದ) ಹೊಡೆದರೂ, ಮರ ಹತ್ತುವ ಕೊನೆಗಾರ ಮರದ ಮೇಲಿದ್ದು ಹೊಡೆದರೂ, ಹನಿ ಬೀಳುವುದು ಮೇಲಿನಿಂದ. ಆದ್ದರಿಂದ ಗದ್ದೆಗೆ ಹೊಡೆಯುವವರಿಗೆ ಹೇಳುವ ಸಲಹೆ ಇಲ್ಲಿ ಅರ್ಧ ಮಾತ್ರ ಸರಿ. ಕೈ ಕೆಳಗಿಟ್ಟು ಹೊಡೆಯುವಾಗ ತೋಳು ಕೈಗವಸಿನ ಮೇಲೆ ಬರಬೇಕು. ಕೈ ಎತ್ತಿ ಹೊಡೆಯುವಾಗ ತೋಳನ್ನು ಕೈಗವಸಿನ ಒಳಗೆ ಸೇರಿಸಿ, ಗವಸಿನ ಅಂಚನ್ನು ಎರಡು ಬೆರಳಿನಷ್ಟು ಹೊರಕ್ಕೆ ಮಡಚಬೇಕು. ದೋಟಿಯಿಂದ ಇಳಿದು ಬರುವ ನೀರು ಆ ಮಡಿಕೆಯಲ್ಲಿ ನಿಲ್ಲುತ್ತದೆ, ಕಂಕುಳಿಗೆ ಹೋಗುವುದಿಲ್ಲ. ಪ್ಯಾಂಟು ಯಾವಾಗಲೂ ಗಂಬೂಟಿನ ಹೊರಗೆ. ತಲೆಗೆ ಅಂಚಿರುವ ಪ್ಲಾಸ್ಟಿಕ್ ಟೋಪಿ ಅಥವಾ ಕೊಪ್ಪೆಯಂತೆ ಹೊದ್ದ ಪ್ಲಾಸ್ಟಿಕ್. ಹಾಳೆಟೊಪ್ಪಿ ನೆರಳಿಗೆ ಒಳ್ಳೆಯದು, ಆದರೆ ಹೀರಿಕೊಂಡ ದ್ರಾವಣವನ್ನು ಹಣೆಗೇ ಒರೆಸುತ್ತ ಇರುತ್ತದೆ.

ಕೈಗವಸು ನೈಟ್ರೈಲ್ ಅಥವಾ ದಪ್ಪ ರಬ್ಬರಿನದಾಗಿರಲಿ. ಬಟ್ಟೆಯದು, ಚರ್ಮದ್ದು ಬೇಡ. ಮೂಗು, ಬಾಯಿಗೆ ಪಂಚೆ ತುದಿಯನ್ನೋ ಟವೆಲ್ಲನ್ನೋ ಕಟ್ಟಿಕೊಳ್ಳುವುದು ಎಲ್ಲ ಕಡೆ ಕಾಣುತ್ತದೆ. ಅದು ಏನೂ ಕಟ್ಟದಿರುವುದಕ್ಕಿಂತ ಕೆಟ್ಟದ್ದಾಗಬಹುದು, ಯಾಕೆಂದರೆ ತುಂತುರಿನಲ್ಲಿ ನೆನೆದ ಬಟ್ಟೆ ವಿಷವನ್ನು ತುಟಿಗೆ ಅಂಟಿಸಿ ಇಡುತ್ತದೆ. ಬೋರ್ಡೋಗೆ ಎನ್95 ಮುಖಗವಸು ಸಾಕು, ಒದ್ದೆಯಾದರೆ ಬದಲಿಸಿ. ವಾಸನೆ ಹೊಡೆಯುವ ಕೀಟನಾಶಕಕ್ಕೆ ಕಾರ್ಟ್ರಿಜ್ ಇರುವ ಮುಖಗವಸೇ ಬೇಕು; ಅದನ್ನು ಹಾಕಿಕೊಂಡರೂ ವಾಸನೆ ಬರಲು ಶುರುವಾದರೆ ಕಾರ್ಟ್ರಿಜ್ ಮುಗಿದಿದೆ ಎಂದರ್ಥ.

ಹೆಚ್ಚು ಅಪಾಯ ಹೊಡೆಯುವಾಗ ಅಲ್ಲ, ಬೆರೆಸುವಾಗ. ಬಾಟಲಿಯಲ್ಲಿರುವುದು ಸಾಂದ್ರ ವಿಷ, ಪಂಪಿನಲ್ಲಿರುವುದು ನೂರಾರು ಪಟ್ಟು ತೆಳುವಾದದ್ದು. ಕೈಗವಸನ್ನು ಹೊಡೆಯಲು ಹೋಗುವಾಗ ಹಾಕಿಕೊಂಡು, ಬೆರೆಸುವಾಗ ಬರಿಗೈಯಲ್ಲಿರುವವರು ಎಚ್ಚರವನ್ನು ತಪ್ಪು ಜಾಗದಲ್ಲಿ ಇಟ್ಟಿದ್ದಾರೆ. ಸಾಂದ್ರ ದ್ರವ ಬಟ್ಟೆಗೆ ಚೆಲ್ಲಿತೋ, ಆ ಮರ ಮುಗಿಸುತ್ತೇನೆ ಎನ್ನದೆ ಅಲ್ಲೇ ಬಟ್ಟೆ ಕಳಚಿ ಸೋಪು ಹಾಕಿ ತೊಳೆಯಬೇಕು.

ತೋಟದೊಳಗೆ

ಬೆಳಗಿನ ತಂಪು ಹೊತ್ತು ಒಳ್ಳೆಯದು. ಬೆವರಿದ, ಬಿಸಿಯಾದ ಚರ್ಮ ಹೆಚ್ಚು ಹೀರುತ್ತದೆ. ಗಾಳಿಗೆ ಬೆನ್ನು ಕೊಟ್ಟು ಹಿಂದಕ್ಕೆ ಸರಿಯುತ್ತ ಬನ್ನಿ, ನೆನೆದ ಮರದ ಕೆಳಗೆ ಮುಂದಕ್ಕೆ ನಡೆಯಬೇಡಿ.

ಕವಳ ಬೇಡ. ಇದನ್ನು ಒತ್ತಿ ಹೇಳುತ್ತಿದ್ದೇವೆ, ಯಾಕೆಂದರೆ ಮಲೆನಾಡಿನಲ್ಲಿ ವಿಷ ಬಾಯಿಗೆ ಹೋಗುವ ಹತ್ತಿರದ ದಾರಿ ಇದೇ. ಕೈಗವಸು ತೆಗೆದು, ಪಂಪು ಮುಟ್ಟಿದ ಅದೇ ಬೆರಳಲ್ಲಿ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಚಿ ದವಡೆಗಿಟ್ಟು, ಮುಂದಿನ ಅರ್ಧ ಗಂಟೆ ಅಗಿಯುತ್ತ ಇರುತ್ತೇವೆ. ಬಾಯಿಯ ಒಳಪೊರೆ ತೆಳುವು. ಹೊಟ್ಟೆಗೆ ಇಳಿಯುವ ಮೊದಲೇ ರಕ್ತಕ್ಕೆ ಸೇರುತ್ತದೆ. ಕವಳದ ಚೀಲ ಮನೆಯಲ್ಲೇ ಇರಲಿ. ಇನ್ನೊಂದು ಮಾತು: ವೀಳ್ಯದ ಬಳ್ಳಿ ಹಬ್ಬಿರುವುದೂ ಅದೇ ಅಡಿಕೆ ಮರಕ್ಕೆ. ಹೊಡೆಯುವ ಮೊದಲೇ ಎರಡು ವಾರಕ್ಕೆ ಬೇಕಾಗುವ ಎಲೆ ಕೊಯ್ದಿಟ್ಟುಕೊಳ್ಳಿ. ತೋಟದ ಹುಲ್ಲೂ ಹಾಗೆಯೇ. ಲೇಬಲ್ಲಿನಲ್ಲಿ ಬರೆದ ಕಾಯುವ ದಿನಗಳು ಮುಗಿಯುವವರೆಗೆ ಕೊಟ್ಟಿಗೆಗೆ ಹಾಕಬೇಡಿ.

ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವ ಚಾಳಿ ಹಲವರಿಗಿದೆ. ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಬಿಡಿ ನಾಜಲ್ ಜೇಬಿನಲ್ಲಿರಲಿ.

ಕೊನೆಗಾರರಿಗೆ ಇನ್ನೊಂದು ಅಪಾಯವಿದೆ. ನೆಲದ ಮೇಲೆ ತಲೆಸುತ್ತು ಬಂದರೆ ಕುಳಿತುಕೊಳ್ಳಬಹುದು, 50 ಅಡಿ ಮೇಲೆ ಸಾಧ್ಯವಿಲ್ಲ. ಕೀಟನಾಶಕ ಹೊಡೆಯುವ ದಿನ ತಲೆನೋವು, ಕಣ್ಣು ಮಂಜು, ವಾಕರಿಕೆ, ಮೂಗು ಸೋರುವುದು, ಎದೆ ಬಿಗಿಯುವುದು ಇವುಗಳಲ್ಲಿ ಯಾವುದು ಕಂಡರೂ ಮೊದಲು ಮರ ಇಳಿಯಿರಿ. ಜೊತೆಗೆ ಒಬ್ಬರು ಇರದೆ ಹೊಡೆಯಬೇಡಿ.

ಇದು ಬಿಸಿಲ ಬಳಲಿಕೆಯೋ ವಿಷವೋ ಎಂಬ ಗೊಂದಲ ಯಾವಾಗಲೂ ಬರುತ್ತದೆ. ಬಾಯಿ ಮತ್ತು ಕಣ್ಣು ನೋಡಿ. ಬಿಸಿಲಿಗೆ ಬಳಲಿದವರ ಬಾಯಿ ಒಣಗಿರುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್‌ನಂಥ ಆರ್ಗನೋಫಾಸ್ಫೇಟ್ ವಿಷವಾದರೆ ಜೊಲ್ಲು ಸುರಿಯುತ್ತದೆ, ಕಣ್ಣು ಮೂಗು ಹರಿಯುತ್ತದೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ರೆಪ್ಪೆಯ, ತೋಳಿನ ಮಾಂಸ ತನ್ನಷ್ಟಕ್ಕೆ ಅದುರುತ್ತದೆ. ಕಾರಣ ಇದು: ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದ ಕ್ಷಣ ಅದನ್ನು ಒಡೆದು ಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವ ಇರುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ನೀರು ಬಿಟ್ಟಾಯಿತು, ವಾಲ್ವ್ ಮುಚ್ಚುವವರೇ ಇಲ್ಲ ಎಂಬಂತೆ ಗ್ರಂಥಿಗಳು ಸುರಿಸುತ್ತಲೇ ಇರುತ್ತವೆ, ಸ್ನಾಯು ಅದುರಿ ಅದುರಿ ಸೋತು ನಿಲ್ಲುತ್ತದೆ. ಕೊನೆಗೆ ಸೋಲುವುದು ಉಸಿರಾಟದ ಸ್ನಾಯು.

ಮನೆಗೆ ಬರುವ ಮೊದಲು

ಪಂಪನ್ನು ಹಳ್ಳದಲ್ಲಿ, ಅಬ್ಬಿ ನೀರಿನ ಬಾಯಲ್ಲಿ ತೊಳೆಯಬೇಡಿ. ತಾಮ್ರ ಮೀನಿಗೆ ಬಹಳ ಕಡಿಮೆ ಪ್ರಮಾಣದಲ್ಲೂ ವಿಷ, ಕೀಟನಾಶಕ ಏಡಿ ಸೀಗಡಿಗೆ ಅದಕ್ಕಿಂತ ಹೆಚ್ಚು. ತೊಳೆದ ನೀರನ್ನು ಬಾವಿಯಿಂದ, ಕಪ್ಪಿನಿಂದ (ತೋಟದ ಬಸಿಗಾಲುವೆಯಿಂದ) ದೂರದ ಮರಗಳ ಬುಡಕ್ಕೇ ಹಾಕಿ. ಖಾಲಿ ಬಾಟಲಿಗೆ ಕಾಲು ಭಾಗ ನೀರು ತುಂಬಿ, ಮುಚ್ಚಿ ಅಲ್ಲಾಡಿಸಿ, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಬೇಕು. ಹೀಗೆ ಮೂರು ಸಲ. ಆಮೇಲೆ ತೂತು ಕೊರೆದುಬಿಡಿ, ಯಾರೂ ಎಣ್ಣೆಗೋ ಸೀಮೆಎಣ್ಣೆಗೋ ಬಳಸದ ಹಾಗೆ. ಬಚ್ಚಲ ಒಲೆಗೆ ಹಾಕಿ ಸುಡುವುದು ಬೇಡ, ಹೊಗೆಯೂ ವಿಷವೇ.

ಕೈಗವಸನ್ನು ಕಳಚುವ ಮೊದಲು ಹಾಕಿಕೊಂಡಂತೆಯೇ ಸೋಪಿನಲ್ಲಿ ತೊಳೆಯಿರಿ. ಬಚ್ಚಲಿಗೆ ಹಿತ್ತಿಲ ಕಡೆಯಿಂದ ಬನ್ನಿ, ಅಡುಗೆಮನೆ ಹಾದು ಬೇಡ. ಹಂಡೆಯ ಸುಡುನೀರಿನ ಸ್ನಾನ ಆ ಹೊತ್ತಿಗೆ ಹಿತ ಎನಿಸಿದರೂ ಬಿಸಿನೀರು ಚರ್ಮದ ರಕ್ತನಾಳ ಅರಳಿಸಿ ಉಳಿದ ವಿಷವನ್ನೂ ಒಳಗೆ ಎಳೆಯುತ್ತದೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಸೋಪು ಹಾಕಿ ತಲೆಗೂದಲು, ಕಿವಿ ಹಿಂದೆ, ಉಗುರು ಸಂದಿ, ತೊಡೆಸಂದಿ ತೊಳೆದುಕೊಳ್ಳಿ.

ಬಟ್ಟೆ ಒಗೆಯುವುದು ಸಾಮಾನ್ಯವಾಗಿ ಹೆಂಡತಿ, ತಾಯಿ, ಇಲ್ಲವೆ ಮನೆಕೆಲಸದವರು. ತೋಟಕ್ಕೆ ಕಾಲಿಡದವರಿಗೂ ವಿಷ ತಟ್ಟುವುದು ಹೀಗೆ. ಆ ಬಟ್ಟೆ ಬೇರೆ ಬಕೆಟ್ಟಿನಲ್ಲಿ, ಅದೇ ದಿನ, ಕೈಗವಸು ಹಾಕಿ, ಡಿಟರ್ಜೆಂಟಿನಲ್ಲಿ ಎರಡು ಸಲ. ಮಗುವಿನ ಬಟ್ಟೆಯ ಜೊತೆ ಎಂದೂ ಬೇಡ.

ಇಡುವ ಜಾಗ ಬೀಗ ಇರುವ ಪೆಟ್ಟಿಗೆಯೇ ಆಗಬೇಕು. ಬೀಗದ ಕೈ ಒಬ್ಬರ ಬಳಿ ಮಾತ್ರ. ಮೂಲ ಬಾಟಲಿಯಿಂದ ತಂಪುಪಾನೀಯದ ಬಾಟಲಿಗೆ, ಕ್ವಾರ್ಟರ್ ಬಾಟಲಿಗೆ ಬಗ್ಗಿಸಿ ಇಡುವುದು ಜೀವ ತೆಗೆಯುವ ಅಭ್ಯಾಸ. ಪಕ್ಕದ ಮನೆಯವರು ‘ಸ್ವಲ್ಪ ಕೊಡಿ’ ಎಂದು ಕೇಳಿದರೂ ಹಾಗೆ ಕೊಡಬೇಡಿ. ಬೀಗದಿಂದ ಮಕ್ಕಳು ಮಾತ್ರ ಉಳಿಯುವುದಲ್ಲ. ಮನಸ್ಸು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗದೇ ಹೋದದ್ದೇ ಎಷ್ಟೋ ಜೀವ ಉಳಿಸುತ್ತದೆ, ಆ ಗಳಿಗೆ ದಾಟಿಹೋಗುತ್ತದೆ. ಮನೆಯಲ್ಲಿ ಯಾರಾದರೂ ನೊಂದು ಮೌನವಾಗಿದ್ದರೆ ಪೆಟ್ಟಿಗೆಯನ್ನೇ ಬೇರೆ ಕಡೆ ಸಾಗಿಸಿ, ಅವರ ಜೊತೆ ಕುಳಿತು ಮಾತಾಡಿ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಎನ್ನದೆ.

ಮಂಗನ ಕಾಯಿಲೆಯ ಸೀಸನ್ನಿನಲ್ಲಿ ಉಣುಗಿನ ಭಯಕ್ಕೆ ಕೀಟನಾಶಕದ ಪುಡಿಯನ್ನು ಕಾಲಿಗೆ, ದನದ ಮೈಗೆ ತಿಕ್ಕುವುದುಂಟು. ಮಂಗ ಸತ್ತ ಜಾಗದ ಸುತ್ತ ನೆಲಕ್ಕೆ ಉದುರಿಸುವ ಪುಡಿ ನೆಲಕ್ಕೆ ಮಾತ್ರ. ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಬೇರೆ. ಹೇನಿಗೂ ತೋಟದ ಔಷಧಿ ಕೂಡದು. ನೆತ್ತಿಯ ಚರ್ಮ ಮುಂಗೈಗಿಂತ ಮೂರು ಪಟ್ಟು ಹೀರುತ್ತದೆ.

ವಿಷ ತಟ್ಟಿದಾಗ ಮೊದಲ ಗಂಟೆ

ಮುಟ್ಟುವ ಮೊದಲು ನಿಮ್ಮ ಕೈಗೆ ಗವಸು, ಇಲ್ಲವಾದರೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ವಾಂತಿ, ಒದ್ದೆ ಬಟ್ಟೆ ಎರಡರಲ್ಲೂ ವಿಷವಿದೆ. ಅವರನ್ನು ಗಾಳಿಯಾಡುವ ಕಡೆ ತಂದು ಉಸಿರು ನೋಡಿ. ಪ್ರಜ್ಞೆ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖವಾಗಿರಲಿ. ಉಸಿರು ನಿಂತಿದ್ದರೆ ಎದೆ ಒತ್ತಲು ಶುರುಮಾಡಿ. ವಿಷ ನುಂಗಿದವರಿಗೆ ಬಾಯಿಗೆ ಬಾಯಿ ಇಟ್ಟು ಊದಬೇಡಿ.

ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ನಮ್ಮ ಕಡೆ ಗಾಡಿ ಬರಲು ಹೊತ್ತಾಗಬಹುದು. ಎಲ್ಲಿಂದ ಬರುತ್ತಿದೆ ಎಂದು ಕೇಳಿ, ದೂರವಿದ್ದರೆ ಜೀಪಿನಲ್ಲಿ ಹೊರಟು ಮುಖ್ಯ ರಸ್ತೆಯಲ್ಲಿ ಎದುರಾಗುವ ಜಾಗ ಹೇಳಿಕೊಳ್ಳಿ.

ಮೈಮೇಲೆ ಬಿದ್ದಿದ್ದರೆ ಬಟ್ಟೆ, ಉಡಿದಾರ, ವಾಚು ಎಲ್ಲ ತೆಗೆದು ಸೋಪು ನೀರಲ್ಲಿ 15 ನಿಮಿಷ ತೊಳೆಯಿರಿ. ನಾಚಿಕೆಗೆ ಒಳಬಟ್ಟೆ ಬಿಟ್ಟರೆ ವಿಷ ಅಲ್ಲೇ ಉಳಿಯಿತು. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು ತಣ್ಣೀರನ್ನು ಒಳಗಿನ ಮೂಲೆಯಿಂದ ಹೊರಕ್ಕೆ 20 ನಿಮಿಷ ಬಿಡಬೇಕು. ಸುಣ್ಣ ಬಿದ್ದಿದ್ದರೆ ಇನ್ನೂ ಹೆಚ್ಚು ಹೊತ್ತು.

ನುಂಗಿದ್ದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಸೋಪುನೀರು, ಹುಣಸೆ ಹುಳಿ, ಬೆರಳು ಹಾಕಿ ಕಕ್ಕಿಸುವುದು, ಯಾವುದೂ ಬೇಡ. ಅನೇಕ ಕೀಟನಾಶಕಗಳು ಸೀಮೆಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದವು. ವಾಂತಿಯಾಗುವಾಗ ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ವಿಷದ ಮೇಲೆ ನ್ಯುಮೋನಿಯಾ ಸೇರುತ್ತದೆ. ಉಪ್ಪು ತಾನೇ ಹೆಚ್ಚಾದರೆ ಮಿದುಳಿಗೆ ಅಪಾಯ. ಹಾಲು, ತುಪ್ಪ, ಕೊಬ್ಬರಿ ಎಣ್ಣೆ ಕುಡಿಸಿದರೆ ಕೊಬ್ಬಿನಲ್ಲಿ ಕರಗುವ ವಿಷ ಇನ್ನೂ ಬೇಗ ಹೀರಲ್ಪಡುತ್ತದೆ. ಪ್ರೀತಿಯಿಂದ, ಗಾಬರಿಯಿಂದ ಮಾಡುವ ಕೆಲಸ ಇವು. ಅದಕ್ಕೇ ಮೊದಲೇ ತಿಳಿದಿರಬೇಕು.

ಬಾಟಲಿಯನ್ನು, ಒಡೆದಿದ್ದರೂ ಲೇಬಲ್ ಇರುವ ಚೂರನ್ನು, ಒಂದು ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ವೈದ್ಯರಿಗೆ ಬೇಕಾದ್ದು ದಪ್ಪ ಅಕ್ಷರದ ಬ್ರಾಂಡ್ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರು ಮತ್ತು ಶೇಕಡಾ ಪ್ರಮಾಣ. ಯಾವಾಗ, ಎಷ್ಟು, ಯಾವ ದಾರಿಯಲ್ಲಿ ಹೋಯಿತು, ಆಮೇಲೆ ಏನು ಕುಡಿಸಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರೂ ಅಲ್ಲಿಗೆ ಕೇಳುತ್ತಾರೆ.

ಹತ್ತಿರದ ಆಸ್ಪತ್ರೆಯನ್ನು ದಾಟಿ ನೇರ ಶಿವಮೊಗ್ಗಕ್ಕೆ ಓಡಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಅಟ್ರೋಪಿನ್ (ಆರ್ಗನೋಫಾಸ್ಫೇಟ್ ವಿಷಕ್ಕೆ ಕೊಡುವ ಮದ್ದು) ಬೀಳಲಿ, ಉಸಿರಿನ ದಾರಿ ಸರಿಯಾಗಲಿ. ವೆಂಟಿಲೇಟರ್ ಬೇಕಾದರೆ ಆಮೇಲೆ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಪೊಲೀಸ್ ಕೇಸಿನ ಭಯಕ್ಕೆ ತಡಮಾಡುವವರು ಈಗಲೂ ಇದ್ದಾರೆ. ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ತಾವಾಗಿ ವಿಷ ಕುಡಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ. ವೈದ್ಯರ ಮುಂದೆ ನಿಜ ಹೇಳಿ.

ಚೆನ್ನಾಗಿರುವಂತೆ ಕಾಣುವ ದಿನಗಳು

ಮನೆಯವರು ಹೆಚ್ಚು ತಪ್ಪುವುದು ಇಲ್ಲಿ. ಕೆಲವು ವಿಷಗಳು ಮೊದಲ ವಾಂತಿ, ಹೊಟ್ಟೆನೋವಿನ ನಂತರ ಒಂದೆರಡು ದಿನ ಸುಮ್ಮನಾಗುತ್ತವೆ. ರೋಗಿ ಎದ್ದು ಕೂರುತ್ತಾರೆ, ಗಂಜಿ ಕೇಳುತ್ತಾರೆ, ‘ಹುಷಾರಾಯ್ತು, ಮನೆಗೆ ಹೋಗೋಣ’ ಎನ್ನುತ್ತಾರೆ. ಹಳದಿ ರಂಜಕ ಇರುವ ಇಲಿ ಪೇಸ್ಟಿನಲ್ಲಿ ಆ ಹೊತ್ತಿಗೆ ಲಿವರ್ ಸೋಲುತ್ತಿರುತ್ತದೆ. ಬ್ರೋಮಡಯಲೋನ್ ಇರುವ ಇಲಿ ಬಿಲ್ಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಎರಡು ಮೂರು ದಿನಕ್ಕೆ ಕುಂದುತ್ತದೆ, ಅದಕ್ಕೆ ವಿಟಮಿನ್ ಕೆ ಇದೆ. ಪ್ಯಾರಾಕ್ವಾಟ್ ಬಾಯಿಗೆ ಹೋಗಿ ಉಗುಳಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಬಾಯಿ ಗಂಟಲು ಹುಣ್ಣಾಗುವುದು, ಕಿಡ್ನಿ, ಶ್ವಾಸಕೋಶ ಕೆಡುವುದು ದಿನ ಕಳೆದಂತೆ. ಮಳೆಗಾಲದಲ್ಲಿ ಹಾಡ್ಯದಿಂದ (ಕುರುಚಲು ಕಾಡಿನಿಂದ) ತಂದ ಅಣಬೆಗೂ ಇದೇ ಮಾತು. ತಿಂದ ಎರಡು ಗಂಟೆಯೊಳಗೆ ವಾಂತಿಯಾದದ್ದಕ್ಕಿಂತ ಆರು ಗಂಟೆ ದಾಟಿದ ಮೇಲೆ ಶುರುವಾದ ವಾಂತಿಭೇದಿ ಹೆಚ್ಚು ಅಪಾಯದ್ದು, ಅದು ಲಿವರ್ ಕೆಡಿಸುವ ಜಾತಿ ಇರಬಹುದು. ಮೈಲುತುತ್ತ ನುಂಗಿದವರಿಗೆ ಮೊದಲು ನೀಲಿ ಹಸಿರು ವಾಂತಿ. ಮಾರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ರಕ್ತಕಣ ಒಡೆಯುತ್ತಿವೆ ಎಂದರ್ಥ. ಮೂತ್ರದ ಬಣ್ಣ, ಪ್ರಮಾಣ ಎರಡನ್ನೂ ನರ್ಸಿಗೆ ಹೇಳುತ್ತಿರಿ.

ಆರ್ಗನೋಫಾಸ್ಫೇಟ್‌ನಲ್ಲಿ ಈ ಮಧ್ಯಂತರ ಒಂದರಿಂದ ನಾಲ್ಕನೆಯ ದಿನದ ನಡುವೆ ಬರುತ್ತದೆ. ಜೊಲ್ಲು ನಿಂತಿರುತ್ತದೆ, ಪ್ರಜ್ಞೆ ಇರುತ್ತದೆ, ಆದರೆ ಕತ್ತಿನ ಮತ್ತು ಉಸಿರಿನ ಸ್ನಾಯು ಸೋಲತೊಡಗುತ್ತದೆ. ಪಕ್ಕದಲ್ಲಿ ಕುಳಿತವರು ದಿನಕ್ಕೆ ನಾಲ್ಕಾರು ಸಲ ‘ದಿಂಬಿನಿಂದ ತಲೆ ಎತ್ತಿ’ ಎಂದು ಹೇಳಿ ನೋಡಿ. ನಿನ್ನೆ ಎತ್ತುತ್ತಿದ್ದವರು ಇವತ್ತು ಎತ್ತಲಾರದೆ ಹೋದರೆ ತಕ್ಷಣ ವೈದ್ಯರನ್ನು ಕರೆಯಿರಿ. ಸಹಿ ಹಾಕಿಕೊಟ್ಟು ಮನೆಗೆ ಕರೆತಂದರೆ ಇದನ್ನು ನೋಡುವವರೇ ಇರುವುದಿಲ್ಲ. ಅಟ್ರೋಪಿನ್ ಕೊಡುವಾಗ ರೋಗಿ ಏನೇನೋ ಬಡಬಡಿಸುವುದು, ನಳಿಗೆ ಕೀಳುವುದು, ಬಾಯಿ ಒಣಗಿ ನೀರಿಗೆ ಗೋಗರೆಯುವುದು ಆ ಮದ್ದಿನಿಂದ. ಹುಚ್ಚು ಹಿಡಿಯಿತೆಂದು ಹೆದರಬೇಡಿ, ನರ್ಸಿಗೆ ತಿಳಿಸಿ.

ನಿಧಾನವಾಗಿ ಕಾಣುವ ಕಾಯಿಲೆಗಳಲ್ಲಿ ವಿಷವೇ ಕಾರಣ ಎಂದು ಹೇಳಲು ಆತುರ ಬೇಡ ಎಂಬುದಕ್ಕೆ ಸಾಗರದ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಅಲ್ಲಿನ ಬಡ ಕುಟುಂಬಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಕೆಟ್ಟು ನಡೆಯಲಾಗದ ಕಾಯಿಲೆ ಕಂಡಾಗ ಅನುಮಾನ ಹೋದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ. ಮುಂದಿನ ಅಧ್ಯಯನಗಳಲ್ಲಿ ಅದು ವಂಶದಲ್ಲಿ ಹರಿದುಬರುವ ಮೂಳೆಯ ಕಾಯಿಲೆ ಎಂದು ತಿಳಿಯಿತು. ವಿಷಶಾಸ್ತ್ರಜ್ಞರು ಕೇಳುವುದು ಇಷ್ಟು: ಹೆಚ್ಚು ಸೋಕಿದವರಿಗೆ ಹೆಚ್ಚು ಆಗಿದೆಯೇ, ಸೋಕಿದ ಮೇಲೆಯೇ ಶುರುವಾಯಿತೇ, ರಕ್ತದಲ್ಲಿ ಗುರುತು ಇದೆಯೇ.

ಆ ರಕ್ತಪರೀಕ್ಷೆ ನಿಮಗೂ ಉಪಯೋಗಕ್ಕೆ ಬರುತ್ತದೆ. ವರ್ಷವೂ ಕೀಟನಾಶಕ ಹೊಡೆಯುವವರು ಸೀಸನ್ ಶುರುವಾಗುವ ಮೊದಲು ಒಮ್ಮೆ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಒಬ್ಬೊಬ್ಬರ ಮಟ್ಟ ಒಂದೊಂದು ಥರ, ಹಾಗಾಗಿ ನಿಮ್ಮದೇ ಹಳೆಯ ಅಂಕಿಯೇ ಅಳತೆಗೋಲು. ನಡುವೆ ಮತ್ತೆ ನೋಡಿದಾಗ ಕೆಂಪು ರಕ್ತಕಣದ ಅಂಕಿ ಅದರ 70%ಗಿಂತ ಕೆಳಗಿಳಿದಿದ್ದರೆ, ಲಕ್ಷಣ ಏನೂ ಇಲ್ಲದಿದ್ದರೂ ಪಂಪು ಕೆಳಗಿಡಬೇಕು. ಒಮ್ಮೆ ವಿಷ ತಟ್ಟಿ ಗುಣವಾದವರಲ್ಲಿ ಈ ಕಿಣ್ವ ದಿನಕ್ಕೆ ಸುಮಾರು 1%ನಂತೆ ಮಾತ್ರ ಮರಳುತ್ತದೆ. ಜೂನ್‌ನಲ್ಲಿ ಆಸ್ಪತ್ರೆ ಸೇರಿದವರು ಆಗಸ್ಟಿನ ಕೆಲಸಕ್ಕೆ ಕರೆ ಬಂದರೆ ‘ಈ ಸಲ ಇಲ್ಲ’ ಎನ್ನಬೇಕು, ತೋಟದ ಯಜಮಾನರು ಅವರನ್ನು ಹೊಡೆಯುವ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ, ಅದೇ ಕೂಲಿಗೆ ಹಾಕಿಕೊಳ್ಳಬೇಕು.